ಬಂದೂಕಿನ ಮೇಲಿನ ಜೋಡಿ ನವಿಲು

ಕಳೆದ ವಾರ ನನ್ನ ದೊಡ್ಡಪ್ಪನ ಮಗ ಬಸವರಾಜ ಸರಸ್ವತಿ ನಗರದ ನಮ್ಮ ಮನೆಗೆ ಬಂದವನು, ಚಹಾದ ಬಟ್ಟಲನ್ನು ಕೈಗೆ ತೆಗೆದುಕೊಳ್ಳುವುದಕ್ಕೂ ಮೊದಲೇ ತನ್ನ ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದ. ಅದರಲ್ಲಿ ಒಂದು ಬಂದೂಕಿನ ಚಿತ್ರವಿತ್ತು. ಬಂದೂಕಿನ ಮರದ ಹಿಡಿಯ ಮೇಲೆ, ಪೇಟ ಸುತ್ತಿಕೊಂಡ ಯಾರೋ ಹಿರಿಯರ ಮುಖವನ್ನು ಲೇಸರಿನಿಂದ ಸುಟ್ಟು ಮೂಡಿಸಿದ್ದರು.

“ಅಕ್ಕ, ನಮ್ಮ ಬಂದೂಕಿಗೆ ನಮ್ಮಪ್ಪಂದೂ ಹಿಂಗೇ ಮಾಡ್ಸಾಣ ಅಂತೀನಿ. ಒಂದು ಫೋಟೋ ಕೊಟ್ರೆ ಸಾಕಂತೆ. ಮೀಸಿ ಕೂದ್ಲು ಸೈತ ಕಾಣತೈತಿ ನೋಡು.”

“ಫೋಟೋವನ್ನು ಗೋಡೆಗೆ ಹಾಕು.”

“ಗೋಡಿಗೆ ಐತಲ್ಲ.”

“ಹಾಗಾದರೆ ಸಾಕು.”

“ನೀನು ಯಾವತ್ತು ಹೂಂ ಅಂದೀಯ ಬಿಡು! ಹುಡುಗ್ರ ಪುಸ್ತಕದಾಗ ಹೂ ಬರದ್ರೂ ಹರದು ಹಾಕ್ತಿದ್ದಿ.”

ನಾನು ಹರಿದು ಹಾಕುತ್ತಿರಲಿಲ್ಲ. ಅಳಿಸಿ ಮತ್ತೆ ಬರೆಯಿಸುತ್ತಿದ್ದೆ. ಇವೆರಡೂ ಬೇರೆ ಬೇರೆ ಕ್ರಿಯೆಗಳು ಎಂಬುದನ್ನು ಬಸವರಾಜನಿಗೆ ವಿವರಿಸುವ ತಾಳ್ಮೆ ಈಗ ನನ್ನಲ್ಲಿ ಉಳಿದಿಲ್ಲ. ಶೀರ್ಷಿಕೆಯ ಕೆಳಗೆ ಒಂದು ಗೆರೆ ಸಾಕು, ಎರಡು ಬೇಡ. ಅಂಚಿನಲ್ಲಿ ಬಳ್ಳಿ ಬೇಡ. ಬಣ್ಣದ ಪೆನ್ನು ಬೇಡವೇ ಬೇಡ. ನನ್ನ ಅಧ್ಯಾಪನದ ಅಷ್ಟೂ ವರ್ಷ ನಾನು ಈ ಮೂರು ಮಾತುಗಳನ್ನು ಹೇಳಿಕೊಂಡೇ ಗಂಟಲು ಕೆಡಿಸಿಕೊಂಡೆ. ಸಹೋದ್ಯೋಗಿಗಳು ಇದನ್ನು ಹುಟ್ಟುಗುಣ ಎಂದು ಭಾವಿಸಿದ್ದರು. ಹುಟ್ಟುಗುಣವಲ್ಲ. ಇದು ಆನೆಕೊಂಡದ ನಮ್ಮ ಹಳೆಯ ಮನೆಯಲ್ಲಿ, ಒಂದು ಮಹಾನವಮಿಯ ಹಿಂದುಮುಂದಿನ ದಿನಗಳಲ್ಲಿ, ನನ್ನ ಹತ್ತಿರದ ಬಂಧುಗಳೆಲ್ಲರೂ ಸೇರಿ ನನಗೆ ಹತ್ತಿಸಿದ ರೋಗ.

ಆ ಮನೆಯಲ್ಲಿ ಅಲಂಕಾರವಿಲ್ಲದ ವಸ್ತುವನ್ನು ಹುಡುಕಬೇಕಾಗಿತ್ತು. ರೇಡಿಯೋಕ್ಕೆ ಕಸೂತಿಯ ಅಂಗಿ, ಆ ಅಂಗಿ ಕೊಳೆಯಾಗಬಾರದೆಂದು ಅದರ ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಹಾಡು ಕೇಳಬೇಕಾದವರು ಎರಡನ್ನೂ ಎತ್ತಿ ಕಿವಿ ಇಡಬೇಕು. ದೊಡ್ಡಪ್ಪನ ಸೈಕಲ್ಲಿನ ಹ್ಯಾಂಡಲಿಗೆ ಎತ್ತಿಗೆ ಹೊದಿಸುವಂಥ ಝೂಲ, ಸೀಟಿಗೆ ಗೊಂಡೆ. ಅಡುಗೆಮನೆಯ ಪ್ರತಿಯೊಂದು ಸ್ಟೀಲು ಲೋಟದ ಮೇಲೂ ಯಾರ ಮದುವೆಗೆ ಯಾರು ಕೊಟ್ಟದ್ದು ಎಂಬ ವಿವರ. ನೀರು ಕುಡಿಯುತ್ತ ಕುಡಿಯುತ್ತಲೇ ನಾನು ಬಂಧುಬಳಗದ ಪರಿಚಯವನ್ನೂ, ಅಕ್ಷರಗಳ ಅವಸ್ಥೆಯನ್ನೂ ಏಕಕಾಲಕ್ಕೆ ಕಲಿತೆ. ಇಂಥ ಮನೆಯ ನಡುಮನೆಯಲ್ಲಿ, ನಮ್ಮ ಕೈಗೆ ನಿಲುಕದ ಎತ್ತರದಲ್ಲಿ, ಯಾವ ಸಿಂಗಾರವೂ ಇಲ್ಲದೆ ತೂಗುತ್ತಿದ್ದದ್ದು ಅಜ್ಜನ ಜೋಡುನಳಿಗೆಯ ಬಂದೂಕು ಒಂದೇ. ಅದು ಅಜ್ಜನಿಗೆ ಅವರ ತಂದೆಯಿಂದ ಬಂದದ್ದು. ಕಾಲುವೆಯ ಬದಿಯ ನಮ್ಮ ಕಬ್ಬಿನ ಹೊಲಕ್ಕೆ ಹಂದಿ ನುಗ್ಗುತ್ತಿದ್ದುದರಿಂದ ಬೆಳೆ ಕಾಯುವುದಕ್ಕೆಂದು ಪಡೆದಿದ್ದ ಲೈಸೆನ್ಸು. ಅಜ್ಜ ಹಂದಿ ಹೊಡೆದದ್ದನ್ನು ಮನೆಯಲ್ಲಿ ಕಂಡವರಿಲ್ಲ. ಅವರು ಆಕಾಶಕ್ಕೆ ಒಂದು ಈಡು ಹಾರಿಸಿ, ಹಂದಿಗಳನ್ನೂ ನೆರೆಹೊಲದವರನ್ನೂ ಬೈದು ಬರುತ್ತಿದ್ದರು.

ಬಂದ ಮೇಲೆ ನಡೆಯುತ್ತಿದ್ದದ್ದು ಮಾತ್ರ ನನಗೆ ಬಹಳ ಇಷ್ಟವಾದ ಸಂಗತಿ. ಬಂದೂಕು ಒರೆಸದೆ ಅಜ್ಜ ರೊಟ್ಟಿ ಮುಟ್ಟುತ್ತಿರಲಿಲ್ಲ. ಅದನ್ನು ಮಡಿಚುವ ಕೀಲು ಬಿಗಿಯಾಗಿತ್ತು. ಮೊಣಕಾಲಿನ ಮೇಲಿಟ್ಟು ಅಮುಕಿದರೆ ಮಾತ್ರ ಬಾಯಿ ತೆರೆಯುತ್ತಿತ್ತು. ಎಣ್ಣೆಯ ಚಿಂದಿ ಕಟ್ಟಿದ ಹುರಿಯನ್ನು ನಳಿಗೆಯೊಳಗೆ ಇಳಿಬಿಟ್ಟು ಒಂದು ತುದಿಯನ್ನು ಅಜ್ಜ, ಇನ್ನೊಂದು ತುದಿಯನ್ನು ಅಜ್ಜಿ ಹಿಡಿದು, ಎದುರುಬದುರು ಕುಳಿತು ಎಳೆಯುತ್ತಿದ್ದರು. ಹಗಲೆಲ್ಲ ಉಪ್ಪಿಗೆ, ಹುಳಿಗೆ, ಎಮ್ಮೆಯ ಹಗ್ಗಕ್ಕೆ ಜಗಳವಾಡುವ ಇಬ್ಬರೂ ಆ ಹುರಿ ಹಿಡಿದಷ್ಟು ಹೊತ್ತು ಒಂದು ಮಾತನ್ನೂ ಆಡುತ್ತಿರಲಿಲ್ಲ. ಅಜ್ಜಿಗೆ ಆ ಬಂದೂಕಿನ ಮೈಯೆಲ್ಲ ಗೊತ್ತಿತ್ತು. ಮಹಾನವಮಿಯ ದಿನ ಕುಡುಗೋಲು, ತಕ್ಕಡಿ, ನೇಗಿಲು ಎಲ್ಲಕ್ಕಿಂತ ಮೊದಲು ಅದಕ್ಕೆ ವಿಭೂತಿ ಹಚ್ಚುತ್ತಿದ್ದವರೂ ಅವರೇ.

ಅಜ್ಜ ತೀರಿಕೊಂಡ ಮೇಲೆ, ಕಾನೂನಿನ ಪ್ರಕಾರ, ಬಂದೂಕು ಪೊಲೀಸ್ ಠಾಣೆಗೆ ಹೋಯಿತು. ಲೈಸೆನ್ಸು ದೊಡ್ಡಪ್ಪನ ಹೆಸರಿಗೆ ಆಗುವವರೆಗೆ ಅದು ಅಲ್ಲಿಯೇ ಇರಬೇಕು. ಆ ವರ್ಷದ ಮಹಾನವಮಿಗೆ ಅಜ್ಜಿ ಎಲ್ಲ ಸಾಮಾನುಗಳಿಗೂ ಪೂಜೆ ಮಾಡಿ, ಎಲ್ಲರಿಗೂ ಬಡಿಸಿ, ತಾವು ಎಲೆಯ ಮುಂದೆ ಕೂಡಲಿಲ್ಲ. “ಬಂದೂಕ ಬರ್ಲಿ, ಆಮ್ಯಾಲೆ ಹಬ್ಬದ ಊಟ ಉಣ್ತೀನಿ” ಎಂದರು. ಅಲ್ಲಿಂದ ಮುಂದೆ ದೊಡ್ಡಪ್ಪ ಕಚೇರಿಗೆ ಹೋಗಿ ಬಂದಾಗಲೆಲ್ಲ, ಆಸ್ಪತ್ರೆಯಲ್ಲಿರುವ ಮಗುವನ್ನು ವಿಚಾರಿಸಿದಂತೆ ವಿಚಾರಿಸುತ್ತಿದ್ದರು.

“ಕಂಡ್ಯೇನಪ? ಹೆಂಗೈತೆ? ಒರಸ್ತಾರೇನು ಅಲ್ಲಿ?”

“ಠಾಣ್ಯಾಗ ಯಾರವ್ವ ಒರಸ್ತಾರ!”

“ಹಂಗಾರೆ ಲಗೂನ ಬಿಡಿಸ್ಕೊಂಬಾ. ಈ ಹಬ್ಬಕ್ಕರ ಮನಿಯಾಗಿರ್ಲಿ.”

ತಡವಾದದ್ದು ಕಚೇರಿಯಿಂದ ಮಾತ್ರವಲ್ಲ. ಬಂದೂಕು ಒಬ್ಬರ ಹೆಸರಿಗೆ ಆಗಬೇಕಾದರೆ ಉಳಿದ ಮಕ್ಕಳು ತಮ್ಮ ಅಭ್ಯಂತರವಿಲ್ಲವೆಂದು ಸಹಿ ಮಾಡಬೇಕು. ಅಜ್ಜಿಗೆ ಮೂವರು ಮಕ್ಕಳು: ದೊಡ್ಡಪ್ಪ ವೀರಣ್ಣ, ನನ್ನ ಅಪ್ಪ ಮಲ್ಲೇಶಿ, ಹರಿಹರಕ್ಕೆ ಕೊಟ್ಟಿದ್ದ ಶಾಂತತ್ತೆ. ಮೂವರಲ್ಲಿ ಯಾರಿಗೂ ಬಂದೂಕಿನ ಆಸೆ ಇರಲಿಲ್ಲ. ಆದರೆ ತಂದೆಯ ಗೌರವದ ವಿಷಯದಲ್ಲಿ ಮೂವರಿಗೂ ಮೂರು ಅಭಿಪ್ರಾಯಗಳಿದ್ದವು, ಮತ್ತು ಸಹಿ ಹಾಕುವುದು ಆ ಅಭಿಪ್ರಾಯಗಳನ್ನು ನಡೆಸಿಕೊಳ್ಳಲು ಸಿಕ್ಕ ಏಕೈಕ ಅವಕಾಶವಾಗಿತ್ತು. ದೊಡ್ಡಪ್ಪನಿಗೆ ಹಿಡಿಯ ಮೇಲೆ ಬೆಳ್ಳಿಯ ತಗಡು ಕೂರಿಸಿ ಅಜ್ಜನ ಹೆಸರು ಕೆತ್ತಿಸಬೇಕು. ಬಟ್ಟೆ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ ನನ್ನ ಅಪ್ಪನಿಗೆ, ಅದರ ಮರ ಕನ್ನಡಿಯ ಹಾಗೆ ಹೊಳೆಯಬೇಕು, ಕೀಲು ಬೆಣ್ಣೆಯ ಹಾಗೆ ಆಡಬೇಕು. ಶಾಂತತ್ತೆಗೆ ನವಿಲು ಬೇಕು.

“ನವಿಲು ಯಾಕ ತಂಗಿ?” ದೊಡ್ಡಪ್ಪ ಕೇಳಿದರು.

“ನನ್ನ ಮದುವಿ ಡಬರಿ ಮ್ಯಾಲೆ ಅಪ್ಪನೇ ಹಾಕ್ಸಿದ್ರು, ಜೋಡಿ ನವಿಲು. ಅವರಿಗೆ ಅಷ್ಟು ಸೇರ್ತಿತ್ತು.”

“ಅಂಗಡ್ಯಾಂವ ಹಾಕಿದ್ದಿರಬೇಕು.”

“ಹಂಗಾರೆ ನಾನು ಸಹಿ ಮಾಡಂಗಿಲ್ಲ ಹೋಗಣ್ಣ.”

ಹೀಗೆ ಒಬ್ಬರು ಒಪ್ಪಿದರೆ ಇನ್ನೊಬ್ಬರು ಮುನಿಸಿಕೊಂಡು ತಿಂಗಳುಗಟ್ಟಲೆ ಕಳೆಯಿತು. ಎಮ್ಮೆಗೆ ಹುಲ್ಲು ಹಾಕುವಾಗ ಜಗಳ, ಮಂಡಕ್ಕಿ ತಿನ್ನುವಾಗ ಜಗಳ, ಬೀಗರ ಮನೆಯ ಜವಳದ ಕಾರ್ಯಕ್ರಮದಲ್ಲಿ ಪಂಕ್ತಿಯ ಉದ್ದಕ್ಕೂ ಜಗಳ. ಕೊನೆಗೆ ದೊಡ್ಡಪ್ಪ ದಣಿದು, ಮೂವರದ್ದೂ ಆಗಲಿ ಎಂದರು. ಮೂವರು ಹಟಮಾರಿಗಳು ರಾಜಿಯಾದರೆ ಒಂದು ಒಳ್ಳೆಯ ನಿರ್ಧಾರ ಹುಟ್ಟುತ್ತದೆಂದು ನಂಬುವವರು ನಮ್ಮ ಮನೆಗೆ ಬಂದು ನೋಡಬೇಕಿತ್ತು: ಮೂರು ಕೆಟ್ಟ ಆಲೋಚನೆಗಳನ್ನು ಒಂದನ್ನೂ ಬಿಡದೆ ಒಂದೇ ಬಂದೂಕಿನ ಮೇಲೆ ಹೇರುವುದಕ್ಕೆ ನಮ್ಮಲ್ಲಿ ಹೊಂದಾಣಿಕೆ ಎಂದು ಹೆಸರು. ಸಹಿಗಳಾದವು. ಮಹಾನವಮಿಗೆ ಕೆಲವೇ ದಿನ ಇರುವಾಗ ಬಂದೂಕೂ ಬಿಡುಗಡೆಯಾಯಿತು. ಆಗ ದೊಡ್ಡಪ್ಪನಿಗೆ ಇನ್ನೊಂದು ಆಲೋಚನೆ ಹೊಳೆಯಿತು. ಅದನ್ನು ಮನೆಗೆ ತರದೆ, ಅಜ್ಜಿಗೆ ತಿಳಿಸದೆ, ಠಾಣೆಯಿಂದ ನೇರವಾಗಿ ಹರಿಹರಕ್ಕೆ ಒಯ್ದು, ಎಲ್ಲವನ್ನೂ ಮಾಡಿಸಿ, ಹಬ್ಬದ ಹಿಂದಿನ ದಿನ ಅವರ ಮುಂದೆ ಇಡುವುದು. ಅಜ್ಜಿ ಕಣ್ಣೀರು ಹಾಕುತ್ತಾರೆ ಎಂದು ದೊಡ್ಡಪ್ಪ ಮೊದಲೇ ಲೆಕ್ಕ ಹಾಕಿದ್ದರು.

ದಸರೆಯ ರಜೆಗೆ ನಾನು ಹರಿಹರದಲ್ಲಿ ಶಾಂತತ್ತೆಯ ಮನೆಯಲ್ಲಿಯೇ ಇದ್ದೆ. ನನ್ನ ಅಪ್ಪ ಗಿರಣಿಗೆ ರಜೆ ಹಾಕಿ ಬಂದು, ಅತ್ತೆಯ ಮನೆಯ ಹಿತ್ತಿಲಿನ ಕಟ್ಟೆಯ ಮೇಲೆ ಗೋಣಿ ಹಾಸಿ ಕುಳಿತರು. ಉಪ್ಪುಕಾಗದ ಹಾಕಿ ಮರವನ್ನು ತಿಕ್ಕಿದರು. ಅಜ್ಜನ ಕೆನ್ನೆ ತಾಗಿ ತಾಗಿ ಕಪ್ಪಾಗಿದ್ದ ಜಾಗ ಎಷ್ಟು ತಿಕ್ಕಿದರೂ ಹೋಗದಿದ್ದಾಗ ಅದರ ಮೇಲೆ ಕೋಪದಿಂದ ಇನ್ನಷ್ಟು ತಿಕ್ಕಿದರು. ಕೀಲನ್ನು ಬಿಚ್ಚಿ, ಅರ ಹಾಕಿ, ಎಣ್ಣೆ ಬಿಟ್ಟು, ಕಿರುಬೆರಳಿನಿಂದ ಮುಟ್ಟಿದರೆ ಬಾಯಿ ತೆರೆಯುವಂತೆ ಮಾಡಿದರು. ಹಿಡಿಯ ತುದಿಗೆ, ಭುಜಕ್ಕೆ ಆನಿಸುವ ಕಡೆ, ದಪ್ಪನೆಯ ಒಂದು ಗಾದಿ ಕಟ್ಟಿತ್ತು. ಗುಂಡು ಹಾರುವಾಗಿನ ಒದೆತಕ್ಕೆ ಅಜ್ಜನ ಭುಜ ನೀಲಿಗಟ್ಟುತ್ತಿದ್ದುದರಿಂದ ಅಜ್ಜಿ ಹಳೆಯ ಕೌದಿಯ ತುಂಡನ್ನು ಮಡಿಸಿ, ಒತ್ತೊತ್ತಾಗಿ ಹೊಲಿಗೆ ಹಾಕಿ ಮಾಡಿದ್ದ ಗಾದಿ. ಅಪ್ಪ ಬ್ಲೇಡಿನಿಂದ ಅದರ ದಾರ ಕತ್ತರಿಸಿದರು.

“ಅಪ್ಪಾ, ಅದು ಅಜ್ಜಿ ಹೊಲಿದಿದ್ದು.”

“ನೋಡಿಲ್ಲಿ, ಎಣ್ಣಿ ಜಿಡ್ಡು, ಹೊಲಸು. ಪೂಜಿಗೆ ಇಡೋದು ಇದು ಗಿರ್ಜಾ. ಕೆಂಪು ವೆಲ್ವೆಟ್ ತಂದೀನಿ, ಜರಿ ಅಂಚು ಐತೆ. ಅಜ್ಜಿ ಕುಣದಾಡ್ತಾಳ.”

ಅಪ್ಪ ಗಾದಿಯನ್ನು ಪಕ್ಕದ ನೀರೊಲೆಗೆ ಎಸೆದರು. ಎಣ್ಣೆ ಕುಡಿದ ಬಟ್ಟೆಯಾದ್ದರಿಂದ ಚೆನ್ನಾಗಿ ಉರಿಯಿತು. ಅಂದಿನ ಸ್ನಾನದ ನೀರು ಬೇಗ ಕಾಯಿತೆಂದು ಅತ್ತೆ ಸಂತೋಷಪಟ್ಟರು.

ಮರುದಿನ ಕೆತ್ತನೆ; ಎಲ್ಲರೂ ಹೋದೆವು. ಕೆತ್ತುವವರೆಂದರೆ ಪಾತ್ರೆ ಅಂಗಡಿಯ ಮುಂದೆ ಕುಳಿತು ಲೋಟ ಚರಿಗೆಗಳ ಮೇಲೆ ಹೆಸರು ಹಾಕುತ್ತಿದ್ದ ಮೆಹಬೂಬ್ ಸಾಹೇಬರು. ಅವರಿಗೆ ಬರುತ್ತಿದ್ದ ಚಿತ್ರಗಳು ಎರಡೇ, ಗುಲಾಬಿ ಮತ್ತು ಜೋಡಿ ನವಿಲು. ಆತ್ಮವಿಶ್ವಾಸ ಮಾತ್ರ ಅರಮನೆಯ ಶಿಲ್ಪಿಯದು. ದೊಡ್ಡಪ್ಪ ಲೈಸೆನ್ಸು ತೋರಿಸಿ, ಬಂದೂಕನ್ನು ತಾವೇ ಹಿಡಿದುಕೊಂಡು ಕುಳಿತರು. ಕಬ್ಬಿಣದ ಎರಡು ಪಕ್ಕಗಳಲ್ಲಿಯೂ ನವಿಲು ಮೂಡಿದವು. ಒಂದರ ಕತ್ತು ಕೋಳಿಯದರಂತೆ ಗಿಡ್ಡವಾಯಿತು. ಆಮೇಲೆ ಬೆಳ್ಳಿಯ ತಗಡು.

“ಯಜಮಾನ್ರ ಹೆಸ್ರು ಆತು. ಕೆಳಗ ಯಾರ ಕಡಿಂದ ಅಂತ ಹಾಕ್ಲಿ?”

“ಯಾರ ಕಡಿಂದಾನೂ ಅಲ್ರಿ ಸಾಹೇಬ್ರ, ಇದು ಅವರದೇ.” ದೊಡ್ಡಪ್ಪ ಹೇಳಿದರು.

“ಹಂಗ ಬರಂಗಿಲ್ರಿ. ಪಾತ್ರಿ ಅಂದ್ಮ್ಯಾಲೆ ಕೊಟ್ಟೋರು ಒಬ್ರು ಇರಬೇಕು. ಬರೇ ಒಂದು ಹೆಸ್ರಿದ್ರ ಜನ ಚೋರಿ ಮಾಲು ಅಂತಾರ.”

“ಇದು ಪಾತ್ರಿ ಅಲ್ರೀ!”

“ನನ್ನ ಕೈಯಾಗ ಬಂದಿದ್ದೆಲ್ಲ ಪಾತ್ರೀನ. ಹೇಳ್ರಿ ಜಲ್ದಿ, ಹಬ್ಬದ ಟೈಮು.”

ಯಾರಾದರೂ ಒಬ್ಬರು ಆಗ ನಕ್ಕು ಎದ್ದುಬಿಟ್ಟಿದ್ದರೆ ಎಲ್ಲವೂ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ನಮ್ಮವರಿಗೆ ಆ ಮಾತು ನ್ಯಾಯವಾಗಿಯೇ ಕಂಡಿತು. ಗುಡಿಗೆ ಕೊಟ್ಟ ಟ್ಯೂಬ್‌ಲೈಟಿನ ಮೇಲೆ ಬೆಳಕೇ ಹೊರಬಾರದಷ್ಟು ಹೆಸರು ಬರೆಸುವ ಊರಿನವರು ನಾವು.

“ಲೈಸೆನ್ಸು ನನ್ನ ಹೆಸರಿಗೈತೆ. ನನ್ನದೊಂದು ಹಾಕ್ರಿ.”

“ಬೆವರು ಸುರಿಸಿದ್ದು ನಾನಣ್ಣ.”

“ಹೆಣ್ಮಗಳು ಅಂತ ನನ್ನ ಬಿಡ್ತೀರೇನು? ನವಿಲು ನಂದು!”

ಮೂವರ ಹೆಸರೂ, ಅತ್ತೆಯ ಯಜಮಾನರ ಹೆಸರೂ, ಮಕ್ಕಳು ಮೊಮ್ಮಕ್ಕಳು ಎಂಬ ಒಕ್ಕಣೆಯೂ ಸೇರಿ, ಅಜ್ಜನಿಗೆ ಒಂದು ಸಾಲು ದೊರೆತಿದ್ದ ತಗಡಿನಲ್ಲಿ ಉಳಿದವರು ನಾಲ್ಕು ಸಾಲು ಆಕ್ರಮಿಸಿಕೊಂಡರು. ಓದಲು ಬಲ್ಲವರು ಕೂಡ ಓದಲಾಗದಷ್ಟು ಸಣ್ಣ ಅಕ್ಷರ. ನಾನು ತಗಡಿನ ಮೇಲೆ ಬಗ್ಗಿ ನಿಂತು, ಇದನ್ನೆಲ್ಲ ಒಂದು ರಬ್ಬರಿನಿಂದ ಅಳಿಸುವಂತಿದ್ದರೆ ಎಂದು ಯೋಚಿಸಿದ್ದು ನನಗೆ ನೆನಪಿದೆ. ಆಮೇಲೆ ಜೀವಮಾನವಿಡೀ ನನ್ನ ಮೇಜಿನ ಮೇಲೆ ಒಳ್ಳೆಯ ರಬ್ಬರೊಂದು ಇದ್ದೇ ಇರುತ್ತಿತ್ತು.

ಹಬ್ಬದ ಹಿಂದಿನ ದಿನ ಬಾಡಿಗೆ ಕಾರಿನಲ್ಲಿ ಎಲ್ಲರೂ ಆನೆಕೊಂಡಕ್ಕೆ ಬಂದೆವು. ನಡುಮನೆಯಲ್ಲಿ ಜಮಖಾನ ಹಾಸಿ, ಅದರ ಮೇಲೆ ಬಂದೂಕನ್ನು ಮಲಗಿಸಿ, ದೊಡ್ಡಪ್ಪ ಅಜ್ಜಿಯನ್ನು ಕೂಗಿದರು. ಹೋಳಿಗೆಯ ಹೂರಣ ರುಬ್ಬುತ್ತಿದ್ದ ಅಜ್ಜಿ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಳ್ಳುತ್ತ ಅವಸರವಾಗಿ ಬಂದರು. ಬಂದವರು ನಿಂತರು.

“ಯಾರದಪ ಇದು?”

“ಯಾರದು ಅಂದ್ರ! ಅಪ್ಪಂದವ್ವ.”

“ಅಲ್ಲ.”

“ಛಲೋತಂಗ ನೋಡು.”

“ನೋಡೀನಿ. ಠಾಣ್ಯಾಗ ಅದಲಿ ಬದಲಿ ಮಾಡಿ ಕೊಟ್ಟಾರ. ನೀವು ಕಣ್ಣು ಮುಚ್ಕೊಂಡು ತಂದೀರಿ. ಹೋಗ್ರಿ, ನಮ್ಮದನ್ನ ತಗಂಬರ್ರಿ. ನಾಳೆ ಹಬ್ಬ.”

ದೊಡ್ಡಪ್ಪ ಬಂದೂಕಿನ ಮೇಲಿನ ನಂಬರನ್ನೂ ಕಾಗದದಲ್ಲಿದ್ದ ನಂಬರನ್ನೂ ಬೆರಳಿಟ್ಟು ತೋರಿಸಿದರು.

“ನಾನೇನು ನಂಬರ್ ಕೂಡ ಸಂಸಾರ ಮಾಡೀನೇನೋ?”

“ಅಪ್ಪನ ಹೆಸ್ರು ಐತವ್ವ, ಬೆಳ್ಳಿಯಾಗ!”

“ಹೆಸ್ರು ಹೋಟ್ಲು ಮ್ಯಾಲೂ ಇರತೈತೆ.”

“ನವಿಲು ನೋಡವ್ವ,” ಎಂದು ಅತ್ತೆ ಮುಂದೆ ಬಂದರು. “ಅಪ್ಪಗ ಸೇರ್ತಿತ್ತಲ್ಲ.”

“ನವಿಲಾ? ಶೇಂಗಾ ಕೆದರ್ತಾವಂತ ಕಲ್ಲು ಬೀರತಿದ್ದ ಮನುಷ್ಯಾ ಅದು!”

ನನ್ನ ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಮೊದ್ಲು ನೀರು ಕುಡೀರಿ ಎಲ್ಲಾರೂ” ಎಂದು ಮಾತು ತಿರುಗಿಸಲು ನೋಡಿದರು. ಯಾರೂ ಕೇಳಲಿಲ್ಲ. ದೊಡ್ಡಪ್ಪನ ಮುಖ ಕೆಂಪಾಗಿತ್ತು. ವರ್ಷವಿಡೀ ಕಚೇರಿ ಅಲೆದದ್ದು, ಸಹಿಗಾಗಿ ತಂಗಿಯ ಕಾಲು ಹಿಡಿಯುವುದೊಂದು ಬಾಕಿ ಉಳಿದದ್ದು, ಎಲ್ಲವೂ ಈ ಒಂದು ಗಳಿಗೆಗಾಗಿ ಆಗಿತ್ತು. ಅಜ್ಜಿ ಒಪ್ಪದಿದ್ದರೆ ನಾಳೆ ಮತ್ತೆ ಅವರು ಎಲೆಯ ಮುಂದೆ ಕೂಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಪ್ಪ ಬಂದೂಕನ್ನು ಎತ್ತಿ, ಅದರಲ್ಲಿ ಗುಂಡಿಲ್ಲವೆಂದು ಮತ್ತೊಮ್ಮೆ ನೋಡಿ, ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ಕುಳಿತುಕೊಂಡು, ರೂಢಿಯಂತೆ ಅದನ್ನು ಮೊಣಕಾಲಿನ ಮೇಲಿಟ್ಟು, ಮೈಯ ಭಾರವನ್ನೆಲ್ಲ ಹಾಕಿ ಅಮುಕಿದರು. ಬಂದೂಕು ತಟಕ್ಕನೆ ಬಾಯಿ ತೆರೆಯಿತು, ಅಜ್ಜಿ ಮುಗ್ಗರಿಸಿದರು. ಸಾವರಿಸಿಕೊಂಡು, ಕೈಯನ್ನು ನಿಧಾನವಾಗಿ ಹಿಡಿಯ ಉದ್ದಕ್ಕೂ ತಂದರು. ಕೆನ್ನೆ ತಾಗುವ ಜಾಗದಲ್ಲಿ, ಅಪ್ಪ ಎಷ್ಟು ತಿಕ್ಕಿದರೂ ಪೂರ್ತಿ ಸಮವಾಗದ ಒಂದು ಸಣ್ಣ ತಗ್ಗಿನಲ್ಲಿ, ಅವರ ಹೆಬ್ಬೆರಳು ನಿಂತಿತು. ಅಲ್ಲಿಂದ ತುದಿಗೆ ಹೋಗಿ ವೆಲ್ವೆಟ್ಟನ್ನು ಮುಟ್ಟಿತು.

“ಗಾದಿ ಎಲ್ಲಿ?”

“ಹೊಲಸಾಗಿತ್ತವ್ವ.” ಅಪ್ಪನ ದನಿ ಇಳಿದಿತ್ತು. “ಒಲಿಗೆ ಹಾಕ್ದೆ.”

ಅಜ್ಜಿ ಬಂದೂಕನ್ನು ಜಮಖಾನದ ಮೇಲಿಟ್ಟು, ಎದ್ದು, ಹೂರಣ ರುಬ್ಬಲು ಒಳಗೆ ಹೋದರು. ಒರಳಿನ ಸದ್ದು ಮೊದಲಿನಂತೆಯೇ ಕೇಳಿಸತೊಡಗಿತು. ಹೊರಗೆ ಮೂವರೂ ಪರಸ್ಪರ ಬೈದಾಡಿಕೊಂಡರು: ವೆಲ್ವೆಟ್ಟು ಯಾರ ಬುದ್ಧಿ, ನವಿಲು ಯಾರ ಬುದ್ಧಿ, ಹೇಳದೆ ತರುವುದು ಯಾರ ಬುದ್ಧಿ. ಒಬ್ಬರಾದರೂ ಒಳಗೆ ಹೋಗಿ ಅಜ್ಜಿಯ ಹತ್ತಿರ ಕೂಡಬೇಕಿತ್ತು. ದೊಡ್ಡವರೆನಿಸಿಕೊಂಡವರ ಮೇಲೆ ನನಗೆ ಆ ಮಧ್ಯಾಹ್ನ ಬಂದಷ್ಟು ಬೇಸರ ಮತ್ತೆಂದೂ ಬಂದಿಲ್ಲ, ಶಾಲಾ ತನಿಖೆಯ ದಿನಗಳನ್ನೂ ಸೇರಿಸಿ ಹೇಳುತ್ತಿದ್ದೇನೆ.

ಮರುದಿನ ಬೆಳಿಗ್ಗೆ ನಡುಮನೆಯನ್ನು ಸಾರಿಸಿ ಸಾಮಾನುಗಳನ್ನೆಲ್ಲ ಜೋಡಿಸಿತ್ತು. ಬಂದೂಕನ್ನು ಎಲ್ಲಿ ಇಡಬೇಕೆಂದು ತಿಳಿಯದೆ ದೊಡ್ಡಪ್ಪ ಒಂದು ಪಕ್ಕಕ್ಕೆ ಇಟ್ಟಿದ್ದರು. ಅಜ್ಜಿ ಸ್ನಾನ ಮುಗಿಸಿ ಬಂದು, ಕುಡುಗೋಲಿಗೆ, ತಕ್ಕಡಿಗೆ, ಅಪ್ಪನ ಗಿರಣಿ ಕೆಲಸದ ಪಾನಾಗಳಿಗೆ ವಿಭೂತಿ ಹಚ್ಚಿದರು. ಬಂದೂಕಿನ ಹತ್ತಿರ ಬರಲಿಲ್ಲ. ದೊಡ್ಡಪ್ಪ ಗೋಡೆಗೆ ಮುಖ ತಿರುಗಿಸಿ ನಿಂತರು. ಎಲ್ಲ ಮುಗಿದ ಮೇಲೆ ಅಜ್ಜಿ ನನ್ನ ಕಡೆ ನೋಡಿದರು.

“ಗಿರ್ಜಾ, ಲಿಂಬಿಹಣ್ಣು ತಗಂಬಾ ತಾಯಿ. ಒಂದು ಕುಂಬಳಕಾಯಿನೂ.”

ಮನೆಯಲ್ಲಿ ಹಳೆಯ ಸಾಮಾನಿಗೆ ಯಾರೂ ನಿಂಬೆಹಣ್ಣು ಕೇಳುವುದಿಲ್ಲ. ಪಕ್ಕದ ಮನೆಗೆ ಟ್ರ್ಯಾಕ್ಟರು ಬಂದಾಗ, ನಮಗೆ ಹೊಲಿಗೆ ಯಂತ್ರ ಬಂದಾಗ, ಹೊಸದಾಗಿ ಹೊಸಿಲು ದಾಟಿ ಬಂದ ವಸ್ತುವಿಗೆ ಮಾತ್ರ ಆ ಉಪಚಾರ. ನಾನು ತಂದುಕೊಟ್ಟೆ. ಅಜ್ಜಿ ಬಂದೂಕಿನ ಮುಂದೆ ಕುಳಿತು, ನಳಿಗೆಗೆ ವಿಭೂತಿ, ನವಿಲುಗಳಿಗೆ ಒಂದೊಂದು ಕುಂಕುಮದ ಬೊಟ್ಟು, ಬೆಳ್ಳಿಯ ತಗಡಿಗೆ ಹೂವು ಇಟ್ಟರು. ನಿಂಬೆಹಣ್ಣನ್ನು ಕೊಯ್ದು ಎರಡು ಕಡೆಗೂ ಹಿಂಡಿದರು. ಕುಂಬಳಕಾಯಿಯನ್ನು ನಿವಾಳಿಸಿ ಅಪ್ಪನ ಕೈಗೆ ಕೊಟ್ಟು, ಬಾಗಿಲಾಚೆ ಒಡೆಯಲು ಹೇಳಿದರು.

“ವೀರಣ್ಣ, ಬಾ ಇಲ್ಲಿ. ಹೊಸದು ಬಂದೈತೆ, ಕೈ ಮುಗಿ. ಜ್ವಾಕಿ ಮ್ಯಾಲೆ ಹಿಡೀಬೇಕು, ಇದರ ಗುಣ ಇನ್ನ ನಮಗ ಗೊತ್ತಿಲ್ಲ.”

“ಅವ್ವಾ, ಇದು ಅಪ್ಪಂದೇ ಅಂತ ನಿನ್ನೆ ನಿನಗ ಗೊತ್ತಾತಲ್ಲವ್ವಾ.” ದೊಡ್ಡಪ್ಪ ಗೋಡೆಯಿಂದ ಮುಖವನ್ನು ಈಚೆ ತಿರುಗಿಸಿದರು.

“ಗೊತ್ತಾತು. ಅವರದನ್ನ ಮಲ್ಲೇಶಿ ಒಲಿಗೆ ಹಾಕ್ಯಾನ. ಇದು ನಿಮ್ಮದು.” ಅಜ್ಜಿ ತಲೆಯನ್ನು ಸ್ವಲ್ಪ ಹಿಂದಕ್ಕೆ ಮಾಡಿ, ಹೊಸ ಸೀರೆಯನ್ನು ನೋಡುವಂತೆ ಬಂದೂಕನ್ನು ನೋಡಿದರು. “ಚಂದ ಐತೆ.”

ಅವರ ಮಾತಿನಲ್ಲಿ ಕೊಂಕು ಇತ್ತೇ ಎಂದು ಮೂವರೂ ಆಮೇಲೆ ಬಹಳ ಕಾಲ ಚರ್ಚಿಸಿದರು. ನನಗೆ ಕಂಡಂತೆ ಇರಲಿಲ್ಲ. ಇದ್ದಿದ್ದರೆ ಆ ಮೂವರಿಗೆ ಎಷ್ಟೋ ಸುಲಭವಾಗುತ್ತಿತ್ತು. ದೊಡ್ಡಪ್ಪ ಕೈ ಮುಗಿದರು. ಅತ್ತೆ ಅತ್ತರು. ಕುಂಬಳಕಾಯಿ ಒಡೆದು ಬಂದ ಅಪ್ಪ, ಬಾಗಿಲಲ್ಲಿಯೇ ನಿಂತು ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಲೇ ಇದ್ದರು.

ಆ ಮನೆಯಲ್ಲಿ ಮಹಾನವಮಿಯ ಮೊದಲ ಹೋಳಿಗೆ ಬಂದೂಕಿನ ಯಜಮಾನನ ಎಲೆಗೆ ಹೋಗಬೇಕು. ಅಜ್ಜ ಇರುವವರೆಗೂ ಅವರು ಮುಟ್ಟದೆ ಮಕ್ಕಳಿಗೂ ಬಡಿಸುತ್ತಿರಲಿಲ್ಲ. ಅಂದು ಅಜ್ಜಿ ಹೋಳಿಗೆಯ ಬುಟ್ಟಿ ಹಿಡಿದು ಪಂಕ್ತಿಯ ತಲೆಗೆ ಬಂದು, ಮೊದಲನೆಯದನ್ನು ದೊಡ್ಡಪ್ಪನ ಎಲೆಗೆ ಹಾಕಿದರು. ಕೊನೆಯ ಎಲೆಯವರೆಗೆ ಬಡಿಸಿ ಮುಗಿಸಿ, ತಮಗೊಂದು ಎಲೆ ಹಾಕಿಕೊಂಡು, ಹಿರಿಯ ಮಗನ ಎದುರಿಗೆ ಕುಳಿತರು. ದೊಡ್ಡಪ್ಪ ಹೋಳಿಗೆ ಮುರಿಯದೆ ಎಲೆಯನ್ನೇ ನೋಡುತ್ತಿದ್ದರು.

“ಯಾಕಪ, ಉಣ್ಣು. ತುಪ್ಪ ಹಾಕ್ಲೇನು?”

ದೊಡ್ಡಪ್ಪ ಹೂಂ ಎಂದು ತಲೆಯಾಡಿಸಿದರು. ಅಜ್ಜಿ ತುಪ್ಪ ಹಾಕಿ, ತಮ್ಮ ಎಲೆಯ ಹೋಳಿಗೆಯನ್ನು ಮುರಿದುಕೊಂಡರು.